ಹ್ಯಾಲೋವೀನ್ ರಾತ್ರಿಗೆ ಯಾವ ಕಛೇರಿ? ಪರದೆಯೋ, ಪಿಟೀಲೋ, ಪೈಪ್ ಆರ್ಗನ್ನೋ

ಅಕ್ಟೋಬರ್ 31ರ ಹ್ಯಾಲೋವೀನ್, ಅಂದರೆ ದೆವ್ವ-ಭೂತದ ವೇಷ ಹಾಕುವ ಹಬ್ಬ, ಹತ್ತಿರ ಬಂತೆಂದರೆ ಲಾಸ್ ಏಂಜಲಿಸ್‌ನ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಹ್ಯಾಲೋವೀನ್‌ಗೆ ಸಿನಿಮಾ ಮ್ಯೂಸಿಕ್ ಕಾನ್ಸರ್ಟ್ ಇದೆಯಂತೆ. ಹೋಗಬಹುದಾ?"

ಹೋಗಬಹುದು. ಆದರೆ ಟಿಕೆಟ್ ಮಾರುವವರು ನಾಲ್ಕು ಬೇರೆ ಬೇರೆ ಬಗೆಯ ಕಾರ್ಯಕ್ರಮಗಳನ್ನು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ವರ್ಣಿಸುತ್ತಾರೆ. ಒಂದರಲ್ಲಿ ಪೂರ್ತಿ ಸಿನಿಮಾ ಇರುತ್ತದೆ. ಇನ್ನೊಂದರಲ್ಲಿ ಪರದೆಯೇ ಇರುವುದಿಲ್ಲ. ಮತ್ತೊಂದರಲ್ಲಿ ಇಡೀ ವಾದ್ಯವೃಂದದ ಜಾಗದಲ್ಲಿ ಒಬ್ಬನೇ ಒಬ್ಬ ಕೂತಿರುತ್ತಾನೆ. ದುಡ್ಡು ಕೊಟ್ಟು ಒಳಗೆ ಹೋದ ಮೇಲೆ "ಅಯ್ಯೋ, ಸಿನಿಮಾ ತೋರಿಸೋದಿಲ್ವಾ?" ಅಂತ ಪಕ್ಕದ ಸೀಟಿನವರು ಕೇಳುವುದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ಅದಕ್ಕಿಂತ ದೊಡ್ಡ ತಪ್ಪು ತಿಳುವಳಿಕೆ ಇನ್ನೊಂದಿದೆ. ಜಾಸ್ತಿ ವಾದ್ಯ ಇದ್ದರೆ ಜಾಸ್ತಿ ಹೆದರಿಕೆ ಅಂತ ಜನ ಅಂದುಕೊಳ್ಳುತ್ತಾರೆ. ಹೆದರಿಕೆಯ ಸಂಗೀತದ ಚರಿತ್ರೆ ನೋಡಿದರೆ ಉಲ್ಟಾ. 'ಸೈಕೋ' (1960) ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಬಳಸಿದ್ದು ತಂತಿವಾದ್ಯಗಳನ್ನು ಮಾತ್ರ. ಕಹಳೆ ಇಲ್ಲ, ಕೊಳಲಿಲ್ಲ, ನಗಾರಿಯೂ ಇಲ್ಲ. 'ಜಾಸ್' (1975) ಚಿತ್ರದ ಶಾರ್ಕ್ ಬರುವುದು ಎರಡೇ ಸ್ವರದ ಮೇಲೆ. ಇನ್ನು 'ಹ್ಯಾಲೋವೀನ್' (1978) ಅಂತಲೇ ಹೆಸರಿರುವ ಚಿತ್ರಕ್ಕೆ ವಾದ್ಯವೃಂದವೇ ಇರಲಿಲ್ಲ. ನಿರ್ದೇಶಕ ಜಾನ್ ಕಾರ್ಪೆಂಟರ್ ತಾನೇ ಪಿಯಾನೋ, ಸಿಂಥಸೈಜರ್ ಇಟ್ಟುಕೊಂಡು ಐದರ ಎಣಿಕೆಯಲ್ಲಿ ಒಂದು ಟ್ಯೂನ್ ಮಾಡಿದರು. ಹಾಗಾಗಿ ಕೆಳಗೆ ಹೇಳುವುದರಲ್ಲಿ ನಿಮಗೆ ಬೇಕಿರುವುದು ಹೆದರಿಕೆಯೋ, ಸಂಭ್ರಮವೋ, ಸಂಗೀತವೋ ಅನ್ನುವುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಸಿನಿಮಾ ಪೂರ್ತಿ, ಸಂಗೀತ ಎದುರಿಗೆ

ಈಗ ಎಲ್ಲಾ ಕಡೆ ಜಾಸ್ತಿ ಓಡುತ್ತಿರುವುದು ಈ ಬಗೆ. ಟಿಕೆಟ್ ಮೇಲೆ ಸಿನಿಮಾದ ಹೆಸರಿನ ಪಕ್ಕ 'ಇನ್ ಕಾನ್ಸರ್ಟ್' ಅಥವಾ 'ಲೈವ್ ಟು ಫಿಲ್ಮ್' ಅಂತ ಇದ್ದರೆ ಇದೇ. ವೇದಿಕೆಯ ಮೇಲೆ ದೊಡ್ಡ ಪರದೆ ಇಳಿಸಿರುತ್ತಾರೆ. ಸಿನಿಮಾ ಮೊದಲಿನಿಂದ ಕೊನೆಯವರೆಗೆ ಓಡುತ್ತದೆ. ಮಾತು, ಮಳೆ, ಬಾಗಿಲಿನ ಕಿರುಗುಟ್ಟುವಿಕೆ ಎಲ್ಲಾ ಸಿನಿಮಾದ್ದೇ. ಸಂಗೀತವನ್ನು ಮಾತ್ರ ಧ್ವನಿಪಟ್ಟಿಯಿಂದ ತೆಗೆದುಹಾಕಿ, ಅಷ್ಟನ್ನೂ ಪರದೆಯ ಕೆಳಗೆ ಕೂತವರಿಂದ ನುಡಿಸುತ್ತಾರೆ.

ಸೀಟು ಸ್ವಲ್ಪ ಪಕ್ಕಕ್ಕೆ ಸಿಕ್ಕಿದರೆ, ಕೈ ಆಡಿಸುತ್ತಾ ವಾದ್ಯವೃಂದವನ್ನು ನಡೆಸುವ ಕಂಡಕ್ಟರ್ ಮುಂದಿನ ಪುಟ್ಟ ಮಾನಿಟರ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಅದರಲ್ಲೂ ಅದೇ ಸಿನಿಮಾ ಓಡುತ್ತಿರುತ್ತದೆ. ಆದರೆ ಚಿತ್ರದ ಮೇಲೆ ಆಗಾಗ ಒಂದು ಉದ್ದ ಗೆರೆ ಎಡದಿಂದ ಬಲಕ್ಕೆ ಸರಿಯುತ್ತದೆ. ಗೆರೆ ಅಂಚು ಮುಟ್ಟುತ್ತಿದ್ದ ಹಾಗೆ ಒಂದು ಬೆಳಕಿನ ಚುಕ್ಕೆ ಮಿಂಚುತ್ತದೆ. ಆ ಚುಕ್ಕೆಗೂ ಕಂಡಕ್ಟರ್ ಕೈ ಇಳಿಯುವುದಕ್ಕೂ ಒಂದೇ ಕ್ಷಣ ಆಗಬೇಕು. ತುಂಬಾ ಬಿಗಿ ಇರುವ ಕಡೆ ಕಿವಿಯೊಳಗಿನ ಸಣ್ಣ ಸ್ಪೀಕರಿನಲ್ಲಿ ಟಿಕ್ ಟಿಕ್ ಸದ್ದೂ ಬರುತ್ತಿರುತ್ತದೆ. ಯಕ್ಷಗಾನದಲ್ಲಿ ಚೆಂಡೆಯವರು ವೇಷದ ಹೆಜ್ಜೆ ನೋಡಿ ಪೆಟ್ಟು ಕೊಡುತ್ತಾರೆ. ವೇಷಧಾರಿಯೂ ಭಾಗವತರ ಪದ ಮುಗಿಯಲಿ ಅಂತ ಕಾಯುತ್ತಾನೆ. ಇಲ್ಲಿ ಕಾಯುವುದು ಒಂದೇ ಕಡೆಯಿಂದ. ಪರದೆಯ ಮೇಲಿನವನು ಯಾರಿಗೂ ನಿಲ್ಲುವುದಿಲ್ಲ.

ಈ ಬಗೆಯ ದೊಡ್ಡ ಗುಣವೇ ಅದರ ದೊಡ್ಡ ದೋಷ. ಅಷ್ಟು ಚೆನ್ನಾಗಿ ಹೊಂದಿಕೆಯಾಗುತ್ತದೆ ಅಂದರೆ, ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಎದುರಿಗೆ ಜನ ಕೂತು ನುಡಿಸುತ್ತಿದ್ದಾರೆ ಅನ್ನುವುದೇ ಮರೆತುಹೋಗುತ್ತದೆ. ಕಣ್ಣು ಸಿನಿಮಾದಲ್ಲೇ ನೆಟ್ಟಿರುತ್ತದೆ. ನಡುವೆ ಎಲ್ಲೋ ಒಂದು ಕಹಳೆ ಮೊಳಗಿದಾಗ "ಓ, ಹೌದಲ್ಲ" ಅಂತ ಕೆಳಗೆ ನೋಡುತ್ತೇವೆ. ಹಾಗಾಗಿ ನನ್ನ ಸಲಹೆ ಇಷ್ಟೇ: ಮೊದಲೇ ನೋಡಿರುವ ಸಿನಿಮಾಗೆ ಹೋಗಿ. ಹೊಸ ಸಿನಿಮಾ ಆದರೆ ಕಥೆಯ ಹಿಂದೆ ಓಡುತ್ತೀರಿ, ವಾದ್ಯದ ಕಡೆ ಗಮನವೇ ಹೋಗುವುದಿಲ್ಲ.

ಹ್ಯಾಲೋವೀನ್‌ಗೆ ಈ ಬಗೆಯಲ್ಲಿ ಹೆಸರು ಮಾಡಿರುವುದು 'ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್' (1993). 2015ರ ಹ್ಯಾಲೋವೀನ್‌ಗೆ ಹಾಲಿವುಡ್ ಬೌಲ್ ಬಯಲು ರಂಗಮಂದಿರದಲ್ಲಿ ಇದನ್ನು ವಾದ್ಯವೃಂದದ ಜೊತೆ ತೋರಿಸಿದರು. ಆಮೇಲೆ ಬೇರೆ ವರ್ಷಗಳಲ್ಲೂ ಮತ್ತೆ ಮತ್ತೆ ಬಂತು. ಸಂಗೀತ ಮಾಡಿದ ಡ್ಯಾನಿ ಎಲ್ಫ್‌ಮನ್‌ರೇ ಸಿನಿಮಾದಲ್ಲಿ ನಾಯಕ ಜ್ಯಾಕ್‌ನ ಹಾಡುಗಳನ್ನು ಹಾಡಿದವರು. ಬೌಲ್‌ನಲ್ಲಿ ಅವರೇ ನಿಂತು ಹಾಡಿದರು. ಅಂದರೆ ಹಾಡುಗಾರರ ದನಿಯನ್ನೂ ಧ್ವನಿಪಟ್ಟಿಯಿಂದ ತೆಗೆದು ಎದುರಿಗೆ ತಂದ ಹಾಗಾಯಿತು. ಈ ಒಂದು ಕಾರಣಕ್ಕೆ ಮೇಲೆ ಹೇಳಿದ 'ಮರೆತುಹೋಗುವ' ತೊಂದರೆ ಇದಕ್ಕೆ ಕಡಿಮೆ. ಹಾಡುವವರು ಕಣ್ಣೆದುರು ಇದ್ದರೆ ಯಾರು ಮರೆಯುತ್ತಾರೆ?

ಆದರೆ ಬೌಲ್ ಅಂದರೆ ಹದಿನೇಳು ಸಾವಿರಕ್ಕೂ ಜಾಸ್ತಿ ಜನ. ಹಿಂದಿನ ಸಾಲುಗಳಲ್ಲಿ ಮರದ ಬೆಂಚು. ದಿಂಬು ಬೇಕೇ ಬೇಕು. ಮಧ್ಯಾಹ್ನ ಬಿಸಿಲಿತ್ತು ಅಂತ ತೆಳ್ಳಗಿನ ಅಂಗಿಯಲ್ಲಿ ಹೋಗಬೇಡಿ. ಅಕ್ಟೋಬರ್ ಕೊನೆಯಲ್ಲಿ ಆ ಕಣಿವೆಯಲ್ಲಿ ಸೂರ್ಯ ಮುಳುಗಿದ ಕೂಡಲೇ ಚಳಿ ಶುರು. ಅಲ್ಲಿನ ಪಾರ್ಕಿಂಗ್‌ನಲ್ಲಿ ಕಾರುಗಳನ್ನು ಒಂದರ ಹಿಂದೆ ಒಂದು ಜೋಡಿಸಿ ನಿಲ್ಲಿಸುತ್ತಾರೆ. ಮುಂದಿನವರು, ಹಿಂದಿನವರು ಬರುವ ತನಕ ನೀವು ಕಾರಿನಲ್ಲೇ ಕೂತಿರಬೇಕು. ಚಿಕ್ಕ ಮಕ್ಕಳಿದ್ದು ಮಧ್ಯದಲ್ಲೇ ಎದ್ದು ಬರಬೇಕಾಗಬಹುದು ಅನಿಸಿದರೆ ಹಾಲಿವುಡ್–ಹೈಲ್ಯಾಂಡ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆದು ಹೋಗುವುದೇ ವಾಸಿ. ಊಟದ ಬುಟ್ಟಿಯ ವಿಷಯ: ಬೌಲ್‌ಗೆ ಮನೆಯ ತಿಂಡಿ, ವೈನ್ ಒಯ್ಯುವುದು ಹಳೆಯ ರೂಢಿ. ಆದರೆ ಹೊರಗಿನವರು ಬಾಡಿಗೆಗೆ ಪಡೆದು ನಡೆಸುವ ರಾತ್ರಿಗಳಿಗೆ ನಿಯಮ ಬೇರೆ. ಹ್ಯಾಲೋವೀನ್ ಕಾರ್ಯಕ್ರಮ ಸಾಮಾನ್ಯವಾಗಿ ಆ ಸಾಲಿಗೆ ಸೇರುತ್ತದೆ. ಪುಳಿಯೋಗರೆ ಕಟ್ಟುವ ಮೊದಲು ಟಿಕೆಟ್ ಪುಟ ಓದಿ.

ಮಕ್ಕಳಿದ್ದರೆ ಎರಡು ಹೆಸರು ನೆನಪಿಡಿ. ಹ್ಯಾರಿ ಪಾಟರ್ ಸರಣಿಯ ಸಿನಿಮಾಗಳು 2016ರಿಂದ ಹೀಗೆ ಊರೂರು ಸುತ್ತುತ್ತಿವೆ. ಹ್ಯಾಲೋವೀನ್‌ಗೆ ಹೇಳಿ ಮಾಡಿಸಿದ್ದು ಮೂರನೆಯದು, 'ಪ್ರಿಸನರ್ ಆಫ್ ಅಜ್ಕಬಾನ್'. ಅದರ ಶುರುವಿನಲ್ಲಿ ಶಾಲೆಯ ಮಕ್ಕಳು ಹಾಡುವ ಹಾಡಿನ ಸಾಲುಗಳು ಷೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ನಾಟಕದ ಮಾಟಗಾತಿಯರದು. ಆದರೆ ಸಿನಿಮಾ 142 ನಿಮಿಷ. ಮಧ್ಯಂತರ ಸೇರಿದರೆ ಮೂರು ಗಂಟೆ ಹತ್ತಿರ. ಆರು ವರ್ಷದವರಿಗೆ ಕಷ್ಟ. ಅಂಥವರಿಗೆ 'ಕೋಕೋ' (2017) ಒಳ್ಳೆಯದು. ಮೆಕ್ಸಿಕೋದವರು ನವೆಂಬರ್ ಮೊದಲೆರಡು ದಿನ ಸತ್ತ ಹಿರಿಯರನ್ನು ಮನೆಗೆ ಕರೆಯುವ ಹಬ್ಬದ ಕಥೆ ಅದು. ಊರಿನಿಂದ ಅಪ್ಪ-ಅಮ್ಮ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಪಕ್ಷಮಾಸದಲ್ಲಿ ಎಡೆ ಇಟ್ಟು ಗೊತ್ತಿರುವವರಿಗೆ ಆ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೀಟು ಆರಿಸುವಾಗ ಒಂದು ಮಾತು. ಕೆಳಗಿನ ಮಹಡಿಯ ಕೊನೆಯ ಸಾಲುಗಳು ಬಾಲ್ಕನಿಯ ಕೆಳಗೆ ಬಂದರೆ ಪರದೆಯ ಮೇಲಿನ ಭಾಗ ಕತ್ತರಿಸಿಹೋಗಬಹುದು. ಒಂದು ಸಭಾಂಗಣದಲ್ಲಿ ನಮಗೆ ಇಡೀ ಸಿನಿಮಾ ಗಲ್ಲದಿಂದ ಕೆಳಗೆ ಮಾತ್ರ ಕಂಡಿತ್ತು. ಟಿಕೆಟ್ ಪುಟದಲ್ಲಿ ಅದರ ಸುಳಿವೇ ಇರಲಿಲ್ಲ. ಬಾಲ್ಕನಿಯ ಮುಂದಿನ ಸಾಲು ಸಿಕ್ಕರೆ ಬಿಡಬೇಡಿ. ಮತ್ತೆ, ಕೊನೆಯಲ್ಲಿ ಹೆಸರುಗಳು ಮೇಲೇರುವಾಗ ಎದ್ದು ಹೊರಡಬೇಡಿ. ಮಾತಿನ ಕಾಟವಿಲ್ಲದೆ ವಾದ್ಯವೃಂದ ಪೂರ್ತಿ ದನಿಯಲ್ಲಿ ನುಡಿಸುವುದು ಆಗಲೇ.

ಪರದೆ ಇಲ್ಲದ ರಾತ್ರಿ

'ಮ್ಯೂಸಿಕ್ ಆಫ್' ಅಥವಾ 'ಮ್ಯೂಸಿಕ್ ಫ್ರಂ' ಅಂತ ಶುರುವಾಗುವ ಹೆಸರು ಕಂಡರೆ ಸಾಮಾನ್ಯವಾಗಿ ಇದು ಎರಡನೆಯ ಬಗೆ. ಹತ್ತು ಹದಿನೈದು ಸಿನಿಮಾಗಳ ಸಂಗೀತವನ್ನು ತುಂಡು ತುಂಡಾಗಿ, ಒಂದೊಂದೂ ಐದು-ಹತ್ತು ನಿಮಿಷದಂತೆ ನುಡಿಸುತ್ತಾರೆ. ಕೆಲವು ಕಡೆ ಹಿಂದೆ ಚಿತ್ರದ ತುಣುಕುಗಳು ಬರುತ್ತವೆ. ಕೆಲವು ಕಡೆ ಬರೀ ನೇರಳೆ ಬಣ್ಣದ ಲೈಟು. ನಿರ್ದೇಶಕ ಟಿಮ್ ಬರ್ಟನ್ ಚಿತ್ರಗಳಿಗೆ ಎಲ್ಫ್‌ಮನ್ ಮಾಡಿದ ಸಂಗೀತದ ಇಂಥದೊಂದು ಕಛೇರಿ 2013ರ ಅಕ್ಟೋಬರ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲು ನಡೆಯಿತು. ಆಮೇಲೆ ಹಲವು ದೇಶ ಸುತ್ತಿತು.

ಸಂಗೀತ ಕೇಳುವುದೇ ಮುಖ್ಯ ಅನ್ನುವವರಿಗೆ ಇದೇ ಸರಿ. ಕಣ್ಣಿಗೆ ಬೇರೆ ಕೆಲಸವಿಲ್ಲದಿರುವುದರಿಂದ ಯಾವ ಸದ್ದು ಎಲ್ಲಿಂದ ಬಂತು ಅಂತ ಹುಡುಕಬಹುದು. ಸಿನಿಮಾದಲ್ಲಿ ಬೆನ್ನು ಚುಳ್ಳೆನ್ನಿಸುವ ಆ ವಿಚಿತ್ರ ನರಳಾಟ ಕೆಲವೊಮ್ಮೆ ವಾಟರ್‌ಫೋನ್‌ದು. ಸ್ಟೀಲಿನ ಬಟ್ಟಲು, ಒಳಗೆ ಸ್ವಲ್ಪ ನೀರು, ಅಂಚಿನ ಸುತ್ತ ಕಡ್ಡಿಗಳು. ಕಡ್ಡಿಗೆ ಪಿಟೀಲಿನ ಕಮಾನು ಎಳೆದು ಬಟ್ಟಲನ್ನು ಓರೆ ಮಾಡಿದರೆ ನೀರು ಸರಿದು ಸ್ವರ ಜಾರುತ್ತದೆ. ಇನ್ನೊಂದು ಥೆರೆಮಿನ್. ಅದನ್ನು ಮುಟ್ಟುವುದೇ ಇಲ್ಲ, ಗಾಳಿಯಲ್ಲಿ ಕೈ ಆಡಿಸಿಯೇ ನುಡಿಸುತ್ತಾರೆ. 1945ರ 'ಸ್ಪೆಲ್‌ಬೌಂಡ್' ಚಿತ್ರಕ್ಕೆ ಮಿಕ್ಲೋಸ್ ರೋಜಾ ಇದನ್ನು ಬಳಸಿ ಆಸ್ಕರ್ ಗೆದ್ದರು. ಕಾರ್ಯಕ್ರಮದ ಪಟ್ಟಿಯಲ್ಲಿ ಥೆರೆಮಿನ್ ನುಡಿಸುವವರ ಹೆಸರಿದ್ದರೆ ಅಷ್ಟಕ್ಕೇ ಟಿಕೆಟ್ ತೆಗೆದುಕೊಳ್ಳಬಹುದು.

'ಸೈಕೋ' ಕೂಡ ಈ ಬಗೆಯ ಕಛೇರಿಯಲ್ಲಿ ನೋಡಬೇಕು. ಹೌದು, 'ನೋಡಬೇಕು'. ಸ್ನಾನದ ಮನೆಯ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದರು ನಿರ್ದೇಶಕ ಹಿಚ್‌ಕಾಕ್. ಹರ್ಮನ್ ಆದರೂ ಬರೆದರು. ಕೇಳಿದ ಮೇಲೆ ಹಿಚ್‌ಕಾಕ್ ಒಪ್ಪಿಕೊಂಡರು. ಅದನ್ನು ಎದುರಿಗೆ ನುಡಿಸುವಾಗ ಮೊದಲು ಪಿಟೀಲಿನ ತುಂಬಾ ಎತ್ತರದ ಚೀರಾಟ ಬರುತ್ತದೆ. ಆಮೇಲೆ ಒಂದೊಂದೇ ಸಾಲು ಕೆಳಗಿನ ಸ್ವರದಲ್ಲಿ ಸೇರಿಕೊಳ್ಳುತ್ತಾ ಹೋಗಿ ಕೊನೆಗೆ ಚೆಲ್ಲೋ, ಡಬಲ್ ಬಾಸ್‌ಗಳೂ ಬರುತ್ತವೆ. ಕಮಾನುಗಳೆಲ್ಲಾ ಒಟ್ಟಿಗೆ ಗೀಚಿದಂತೆ ಇಳಿಯುತ್ತವೆ. ಆ ಕೈಗಳ ಚಲನೆ ನೋಡುತ್ತಾ ಕೂತರೆ ಪರದೆ ಬೇಕು ಅಂತಲೇ ಅನಿಸುವುದಿಲ್ಲ.

ಇಂಥ ಕಛೇರಿಗಳಲ್ಲಿ ಸಿನಿಮಾಕ್ಕಿಂತ ಹಳೆಯ ಕೃತಿಗಳನ್ನೂ ಸೇರಿಸುವುದುಂಟು. ಸೇರಿಸಿದ್ದರೆ ನಿಮ್ಮ ಅದೃಷ್ಟ. ಫ್ರೆಂಚ್ ಸಂಗೀತಕಾರ ಸ್ಯಾಂ-ಸಾನ್ಸ್ ಅವರ 'ದಾನ್ಸ್ ಮಕಾಬ್ರ್' (1874) ಹಾರ್ಪಿನ ಒಂದೇ ಸ್ವರದ ಹನ್ನೆರಡು ಮೀಟಿನಿಂದ ಶುರುವಾಗುತ್ತದೆ. ನಡುರಾತ್ರಿ ಹನ್ನೆರಡು ಹೊಡೆಯಿತು ಅಂತ ಅರ್ಥ. ಆಗ ಸಾವು ಎದ್ದು ಬಂದು ಪಿಟೀಲು ನುಡಿಸುತ್ತದೆ. ಅದಕ್ಕಾಗಿ ಮುಖ್ಯ ಪಿಟೀಲಿನ ಮೇಲಿನ ತಂತಿಯನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿರುತ್ತಾರೆ. ಅಸ್ಥಿಪಂಜರಗಳ ಮೂಳೆ ತಾಗುವ ಸದ್ದು ಮರದ ಪಟ್ಟಿಗಳಿಗೆ ಬಡಿದು ನುಡಿಸುವ ಝೈಲೋಫೋನ್‌ದು. ಇದೇ ಸ್ಯಾಂ-ಸಾನ್ಸ್ 1908ರಲ್ಲಿ ಒಂದು ಫ್ರೆಂಚ್ ಮೂಕಿ ಚಿತ್ರಕ್ಕೂ ಸಂಗೀತ ಬರೆದರು. ಸಿನಿಮಾಗೆಂದೇ ಬರೆದ ಮೊದಮೊದಲ ಸಂಗೀತಗಳಲ್ಲಿ ಅದೊಂದು.

ಜೊತೆಗೆ ಬಂದವರಿಗೆ ಬೇಜಾರಾಗದಂತೆ ಒಂದು ಆಟ ಹೇಳಿಕೊಡಿ. 'ಡೀಯೆಸ್ ಈರೆ' ಅನ್ನುವುದು ಮಧ್ಯಯುಗದ ಚರ್ಚುಗಳಲ್ಲಿ ಸತ್ತವರಿಗಾಗಿ ಹಾಡುತ್ತಿದ್ದ ಹಾಡು. ಅದರ ಮೊದಲ ನಾಲ್ಕು ಸ್ವರಗಳನ್ನು ಕೇಳಿಕೊಂಡು ಹೋಗಿ. ಫ್ರೆಂಚ್ ಸಂಗೀತಕಾರ ಬರ್ಲಿಯೋಜ್ 1830ರಲ್ಲೇ ಅದನ್ನು ತನ್ನ ಸಿಂಫನಿಗೆ ತಂದರು. 'ದಿ ಶೈನಿಂಗ್' (1980) ಚಿತ್ರ ಶುರುವಾಗುವುದೇ ಅದರಿಂದ. 'ನೈಟ್‌ಮೇರ್' ಚಿತ್ರದ ಹಾಡಿನಲ್ಲೂ ಅದು ಇದೆ. ಒಂದು ಸಂಜೆಯಲ್ಲಿ ಎಷ್ಟು ಸಲ ಬಂತು ಅಂತ ಲೆಕ್ಕ ಹಾಕುತ್ತಾ ಕೂತರೆ ಹದಿನಾಲ್ಕು ವರ್ಷದವರೂ ಫೋನ್ ಕೆಳಗಿಡುತ್ತಾರೆ.

ಪರದೆ ಇಲ್ಲದಿದ್ದರೆ ಸೀಟಿನ ಲೆಕ್ಕವೂ ಬದಲಾಗುತ್ತದೆ. ಲಾಸ್ ಏಂಜಲಿಸ್‌ನ ವಾಲ್ಟ್ ಡಿಸ್ನಿ ಕಾನ್ಸರ್ಟ್ ಹಾಲ್‌ನಲ್ಲೂ ಆಲ್ಬರ್ಟ್ ಹಾಲ್‌ನಲ್ಲೂ ವಾದ್ಯದವರ ಬೆನ್ನ ಹಿಂದೆ ಸೀಟುಗಳಿವೆ. ಕಂಡಕ್ಟರ್ ಮುಖ ನೇರ ಕಾಣುತ್ತದೆ, ನಗಾರಿಯವರು ಕೈಗೆಟುಕುವಷ್ಟು ಹತ್ತಿರ. ದರವೂ ಸಾಮಾನ್ಯವಾಗಿ ಕಡಿಮೆ. ನಾನಾದರೆ ಮೊದಲು ಅಲ್ಲಿ ಖಾಲಿ ಇದೆಯಾ ಅಂತ ನೋಡುತ್ತೇನೆ.

ಮೂಕಿ ಚಿತ್ರ, ಒಬ್ಬನೇ ಆರ್ಗನ್ ವಾದಕ

ನನ್ನ ಓಟು ಇದಕ್ಕೆ. ವಾದ್ಯವೃಂದವೇ ಇಲ್ಲದಿರುವುದನ್ನು ವಾದ್ಯವೃಂದದ ಮಾರ್ಗದರ್ಶಿಯಲ್ಲಿ ಯಾಕೆ ತಂದೆ ಅಂತ ಕೇಳಬಹುದು. ಕೊಳವೆಗಳಿಗೆ ಗಾಳಿ ಊದಿಸಿ ಕೀಲಿಮಣೆಯಿಂದ ನುಡಿಸುವ ಪೈಪ್ ಆರ್ಗನ್ ಅಂದರೆ ಒಬ್ಬನ ಕೈಕಾಲಿಗೆ ಸಿಕ್ಕ ವಾದ್ಯವೃಂದವೇ. ಡಿಸ್ನಿ ಹಾಲ್‌ನದಕ್ಕೆ 6,134 ಪೈಪುಗಳು. ಆಲ್ಬರ್ಟ್ ಹಾಲ್‌ನದಕ್ಕೆ 9,999. ಡಿಸ್ನಿ ಹಾಲ್‌ನದರಲ್ಲಿ ಅತಿ ಉದ್ದದ ಪೈಪು 32 ಅಡಿಗೂ ಜಾಸ್ತಿ. ಅದರ ತಳದ ಸ್ವರ ಕಿವಿಗೆ ಕೇಳುವುದಕ್ಕಿಂತ ಜಾಸ್ತಿ ಸೀಟಿನ ಕೆಳಗೆ, ಎದೆಗೂಡಿನಲ್ಲಿ ಗೊತ್ತಾಗುತ್ತದೆ. ಮನೆಯ ಟಿವಿ ಸ್ಪೀಕರು ಎಷ್ಟೇ ದುಬಾರಿಯದಾದರೂ ಇದನ್ನು ಕೊಡಲಾರದು.

ಡಿಸ್ನಿ ಹಾಲ್‌ನಲ್ಲಿ ಹ್ಯಾಲೋವೀನ್ ಹೊತ್ತಿಗೆ ಮೂಕಿ ಹಾರರ್ ಚಿತ್ರಕ್ಕೆ ಆರ್ಗನ್ ನುಡಿಸುವುದು ವರ್ಷಗಳಿಂದ ನಡೆದುಬಂದ ರೂಢಿ. ಅಮೆರಿಕ, ಯುರೋಪಿನ ಎಷ್ಟೋ ಊರುಗಳ ಚರ್ಚು, ಹಳೆಯ ಚಿತ್ರಮಂದಿರಗಳಲ್ಲೂ ಇದುಂಟು. ಹಳೆಯ ಚಿತ್ರಮಂದಿರದ ಆರ್ಗನ್ ಆದರೆ ಇನ್ನೂ ಮಜಾ. ಡೋಲು, ಗಂಟೆ, ಹಕ್ಕಿಯ ಸೀಟಿ, ಕುದುರೆ ಗೊರಸಿನ ಸದ್ದು ಎಲ್ಲವೂ ಅದರೊಳಗೇ ಅಡಗಿರುತ್ತವೆ.

ಹೆಚ್ಚಾಗಿ ಬರುವ ಚಿತ್ರಗಳು ಎರಡು. ಒಂದು ಜರ್ಮನ್ ನಿರ್ದೇಶಕ ಮುರ್ನೌ ಅವರ 'ನೊಸ್‌ಫೆರಾಟು' (1922). ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' ಕಾದಂಬರಿಯನ್ನು ಕೇಳದೆಯೇ ಸಿನಿಮಾ ಮಾಡಿದರು ಅಂತ ಅವನ ಹೆಂಡತಿ ಕೋರ್ಟಿಗೆ ಹೋದರು. ಪ್ರಿಂಟುಗಳನ್ನೆಲ್ಲಾ ನಾಶ ಮಾಡಿ ಅಂತ ತೀರ್ಪಾಯಿತು. ತಪ್ಪಿಸಿಕೊಂಡ ಕೆಲವು ಪ್ರಿಂಟುಗಳಿಂದ ಚಿತ್ರ ಉಳಿಯಿತು. ಹಾನ್ಸ್ ಎರ್ಡ್‌ಮನ್ ಬರೆದ ಮೂಲ ಸಂಗೀತದ ಬಹುಪಾಲು ಮಾತ್ರ ಕಳೆದೇಹೋಯಿತು. ಹಾಗಾಗಿ ಇವತ್ತು ನುಡಿಸುವ ಹೆಚ್ಚಿನವರು ತಮ್ಮದೇ ಸಂಗೀತ ಕಟ್ಟುತ್ತಾರೆ. ಅದೇ ಚಿತ್ರವನ್ನು ಮುಂದಿನ ವರ್ಷ ಬೇರೆಯವರ ಕೈಯಲ್ಲಿ ಕೇಳಿದರೆ ಬೇರೆಯೇ ಚಿತ್ರ ನೋಡಿದ ಹಾಗಿರುತ್ತದೆ.

ಇನ್ನೊಂದು ನಟ ಲಾನ್ ಚೇನಿಯ 'ದಿ ಫ್ಯಾಂಟಮ್ ಆಫ್ ದಿ ಆಪೆರಾ' (1925). ಅದರ ಹೆಸರಾಂತ ದೃಶ್ಯದಲ್ಲಿ ಮುಖವಾಡದ ಮನುಷ್ಯ ನೆಲಮಾಳಿಗೆಯಲ್ಲಿ ಆರ್ಗನ್ ಮುಂದೆ ಕೂತು ನುಡಿಸುತ್ತಿರುತ್ತಾನೆ. ಹಿಂದಿನಿಂದ ಹುಡುಗಿ ಮೆಲ್ಲಗೆ ಕೈ ಚಾಚುತ್ತಾಳೆ. ಒಮ್ಮೆ ಹಿಂಜರಿಯುತ್ತಾಳೆ, ಮತ್ತೆ ಚಾಚುತ್ತಾಳೆ. ಪರದೆಯಲ್ಲಿ ಅವನ ಕೈ ಓಡುತ್ತಿದೆ. ಸಭಾಂಗಣದಲ್ಲಿ ನಿಜವಾದ ಆರ್ಗನ್ ಅದೇ ಸದ್ದು ಮಾಡುತ್ತಿದೆ. ಮುಖವಾಡ ಕಿತ್ತ ಕೂಡಲೇ ವಾದಕ ಅಂಗೈ, ಮೊಣಕೈ ಎಲ್ಲಾ ಸೇರಿಸಿ ಒತ್ತಿದರೆ ಗೋಡೆ ನಡುಗುತ್ತದೆ. ಸುಮಾರು ನೂರು ವರ್ಷದ ಹಿಂದಿನ ಚಿತ್ರ, ಮಾತಿಲ್ಲ, ರಕ್ತವಿಲ್ಲ. ಆದರೂ ಜನ ಕಿರುಚುತ್ತಾರೆ.

ಇನ್ನೊಂದು ಗುಣ: ಇಲ್ಲಿ ಟಿಕ್ ಟಿಕ್ ಇಲ್ಲ, ಗೆರೆ-ಚುಕ್ಕೆ ಇಲ್ಲ. ಹಳೆಯ ಕಾಲದ ನಟನೆ ನೋಡಿ ಜನ ನಕ್ಕರೆ ವಾದಕ ನಗು ಇಳಿಯುವ ತನಕ ಒಂದು ಸ್ವರವನ್ನು ಹಿಡಿದು ನಿಲ್ಲಿಸುತ್ತಾನೆ. ಆಮೇಲೆ ತಣ್ಣಗೆ ಹೆದರಿಕೆಗೆ ಎಳೆದುಕೊಳ್ಳುತ್ತಾನೆ. ನುಡಿಸುವವನು ಒಬ್ಬನೇ ಆದ್ದರಿಂದ ದರವೂ ಎಂಬತ್ತು ಜನರ ಕಛೇರಿಯಷ್ಟು ಏರುವುದಿಲ್ಲ. ಚಿತ್ರಗಳು ಸುಮಾರು ಒಂದೂವರೆ ಗಂಟೆಯವು. ಯಾರಿಗೆ ಬೇಡ ಅಂದರೆ, ಓದಲು ಬಾರದ ಪುಟ್ಟ ಮಕ್ಕಳಿಗೆ. ಪರದೆಯ ಮೇಲಿನ ಬರಹವನ್ನು ನೀವು ಪಿಸುಗುಟ್ಟುತ್ತಾ ಓದಿ ಹೇಳಬೇಕಾಗುತ್ತದೆ, ಪಕ್ಕದವರು ಮುಖ ಸಿಂಡರಿಸುತ್ತಾರೆ.

ಮೋಂಬತ್ತಿ ಬೆಳಕಿನ ಕಛೇರಿ

ನಾಲ್ಕನೆಯದಕ್ಕೆ ಜಾಸ್ತಿ ಮಾತು ಬೇಡ. ನೂರಾರು ಬ್ಯಾಟರಿ ಮೋಂಬತ್ತಿಗಳ ನಡುವೆ ನಾಲ್ಕು ಜನ ತಂತಿವಾದ್ಯದವರು ಕೂತು ಗಂಟೆಯಷ್ಟು ಹೊತ್ತು ಹಾರರ್ ಟ್ಯೂನುಗಳನ್ನು ನುಡಿಸುತ್ತಾರೆ. ಫೋಟೋ ಚೆನ್ನಾಗಿ ಬರುತ್ತದೆ. ಇಬ್ಬರೇ ಹೋಗಿ ಆಮೇಲೆ ಊಟಕ್ಕೆ ಹೋಗುವ ಲೆಕ್ಕವಿದ್ದರೆ ಸರಿಯೇ. 'ಸೈಕೋ' ನಾಲ್ಕು ವಾದ್ಯಕ್ಕೂ ಒಗ್ಗುತ್ತದೆ. ಆದರೆ ಕಹಳೆ, ಗಾಯಕವೃಂದ ನಂಬಿದ ಸಂಗೀತ ಇಲ್ಲಿ ಸೊರಗುತ್ತದೆ. 'ದಿ ಓಮನ್' (1976) ಚಿತ್ರಕ್ಕೆ ಜೆರ್ರಿ ಗೋಲ್ಡ್‌ಸ್ಮಿತ್ ಬರೆದ ಆ ಭಯಂಕರ ಲ್ಯಾಟಿನ್ ಹಾಡನ್ನು ಹಾಡುವವರಿಲ್ಲದೆ ಏನು ಮಾಡುತ್ತೀರಿ? ಸಿನಿಮಾ ಸಂಗೀತಕ್ಕೆ ಮನಸೋತವರಾದರೆ ಈ ದುಡ್ಡನ್ನು ಉಳಿಸಿ ಆರ್ಗನ್ ಕಡೆ ನಡೆಯಿರಿ.

ದಿನ, ವೇಷ, ಟಿಕೆಟ್

ಸರಿಯಾಗಿ ಅಕ್ಟೋಬರ್ 31ಕ್ಕೇ ಹೋಗಬೇಕೆಂಬ ಹಠ ಬೇಡ. ಬಹಳಷ್ಟು ವಾದ್ಯವೃಂದಗಳು ಹಿಂದಿನ ವಾರಾಂತ್ಯದಲ್ಲೇ ಹ್ಯಾಲೋವೀನ್ ಕಛೇರಿ ಮುಗಿಸುತ್ತವೆ. ಮಕ್ಕಳಿರುವ ಮನೆಯಲ್ಲಿ ಆ ಸಂಜೆ ಬೀದಿ ಸುತ್ತಿ ಚಾಕೊಲೇಟ್ ಕೇಳುವುದೇ ಮುಖ್ಯ. ಅದನ್ನು ಬಿಟ್ಟು ಕಛೇರಿಗೆ ಬಾ ಅಂದರೆ ಮನೆಯೊಳಗೇ ಹಾರರ್ ಶುರುವಾಗುತ್ತದೆ. ಕೆಲವು ವರ್ಷ ನಮ್ಮ ಹಬ್ಬವೂ ಅಡ್ಡ ಬರುತ್ತದೆ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿದ್ದಿತ್ತು. ಎಣ್ಣೆಸ್ನಾನ, ಪಟಾಕಿ, ಮುಖವಾಡ ಎಲ್ಲಾ ಒಂದೇ ದಿನ. ಲಾಸ್ ಏಂಜಲಿಸ್‌ನಲ್ಲಿ ಇನ್ನೊಂದು ಗಮನಿಸಿ. ವೆಸ್ಟ್ ಹಾಲಿವುಡ್‌ನ ಬೀದಿ ಜಾತ್ರೆ ಇರುವ ವರ್ಷ ಅದರ ಸುತ್ತಮುತ್ತ ರಸ್ತೆಗಳೇ ಬಂದ್.

ವೇಷ ಹಾಕಿಕೊಂಡು ಹೋಗಬಹುದಾ? ಬಹುತೇಕ ಕಡೆ ಹೋಗಬಹುದು, ಎಷ್ಟೋ ಕಡೆ ವಾದ್ಯದವರೇ ವೇಷದಲ್ಲಿರುತ್ತಾರೆ. ಆದರೆ ಮುಖ ಪೂರ್ತಿ ಮುಚ್ಚುವ ಮುಖವಾಡ, ಆಟದ ಕತ್ತಿ-ಬಂದೂಕುಗಳನ್ನು ಬಾಗಿಲಲ್ಲೇ ತಡೆಯುತ್ತಾರೆ. ಎತ್ತರದ ಮಾಟಗಾತಿ ಟೋಪಿ ತೊಡೆಯ ಮೇಲೆ ಇರಲಿ. ಸರಸರ ಸದ್ದು ಮಾಡುವ ಪ್ಲಾಸ್ಟಿಕ್ ಬಟ್ಟೆ ಬೇಡ. ಮೆಲ್ಲಗೆ ನುಡಿಸುವ ಜಾಗದಲ್ಲಿ ಇಡೀ ಸಾಲಿಗೆ ಕೇಳಿಸುತ್ತದೆ. ಚಿಕ್ಕ ಮಕ್ಕಳಿಗೆ ಕಿವಿ ಮುಚ್ಚುವ ಹೆಡ್‌ಫೋನ್ ತೆಗೆದುಕೊಂಡು ಹೋಗಿ, ಆರ್ಗನ್ ಕಛೇರಿಗಂತೂ ಮರೆಯದೆ.

2026ರಲ್ಲಿ ಹ್ಯಾಲೋವೀನ್ ಶನಿವಾರ. ಹಾಗಾಗಿ ಒಳ್ಳೆಯ ಸೀಟುಗಳು ಬೇಗ ಹೋಗುತ್ತವೆ, ಬೇಸಿಗೆಯಲ್ಲೇ ಕ್ಯಾಲೆಂಡರ್ ಮೇಲೆ ಕಣ್ಣಿಡಿ. ಮರುದಿನ ಭಾನುವಾರ ನವೆಂಬರ್ 1, ಕನ್ನಡ ರಾಜ್ಯೋತ್ಸವ. ನಿಮ್ಮ ಕನ್ನಡ ಕೂಟ ಅದೇ ದಿನ ಬೆಳಿಗ್ಗೆ ಕಾರ್ಯಕ್ರಮ ಇಟ್ಟುಕೊಂಡರೂ ಚಿಂತೆಯಿಲ್ಲ. ಅಮೆರಿಕದಲ್ಲಿ ಅವತ್ತೇ ನಸುಕಿನ ಎರಡು ಗಂಟೆಗೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಪಾರ್ಕಿಂಗ್‌ನಲ್ಲಿ ಸಿಕ್ಕಿಹಾಕಿಕೊಂಡ ಹೊತ್ತು ನಿದ್ದೆಯಲ್ಲಿ ವಾಪಸ್ ಸಿಗುತ್ತದೆ.